ಗ್ರಹ ಛಾಯಾಗ್ರಹಣ: ಸಣ್ಣ ದೂರದರ್ಶಕದಲ್ಲಿ

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಗ್ರಹಗಳ ಬಿಂಬವನ್ನೂ ಅದರೊಳಗಿನ ಮೋಡಪಟ್ಟೆ, ಧ್ರುವದ ಹಿಮ, ಬಳೆ, ಉಪಗ್ರಹದ ನೆರಳು ಮೊದಲಾದ ವಿವರಗಳನ್ನೂ ಭೂಮಿಯಿಂದಲೇ ದಾಖಲಿಸುವ ಕೆಲಸಕ್ಕೆ ಗ್ರಹ ಛಾಯಾಗ್ರಹಣ ಎಂದು ಹೆಸರು. ಹವ್ಯಾಸಿಗಳು ಸಾಮಾನ್ಯವಾಗಿ 8 ಸೆಂ.ಮೀ.ನಿಂದ 25 ಸೆಂ.ಮೀ. ವ್ಯಾಸದ ಮಸೂರ ಅಥವಾ ಕನ್ನಡಿ ಇರುವ ದೂರದರ್ಶಕಗಳನ್ನು ಬಳಸುತ್ತಾರೆ. ಮನೆಯ ತಾರಸಿಯಿಂದ ತೆಗೆದ ಗುರುಗ್ರಹದ ಒಂದು ಒಳ್ಳೆಯ ಚಿತ್ರದಲ್ಲಿ ಸಾವಿರಾರು ಬಿಡಿ ಚಿತ್ರಗಳ ಸಾರ ಸೇರಿರುತ್ತದೆ. ಅಲುಗಾಡುವ ಗಾಳಿಯ ನಡುವೆ ಸಿಗುವ ನಿಶ್ಚಲ ಕ್ಷಣಗಳನ್ನು ಆರಿಸಿ ಒಟ್ಟುಗೂಡಿಸುವುದೇ ಈ ವಿದ್ಯೆಯ ಜೀವಾಳ.

ಗ್ರಹಬಿಂಬದ ಗಾತ್ರ

ಆಕಾಶದಲ್ಲಿ ಗಾತ್ರವನ್ನು ಕೋನದಲ್ಲಿ ಅಳೆಯುತ್ತಾರೆ. ಪಂಚಾಂಗ ನೋಡುವವರಿಗೆ ಪರಿಚಿತವಾದ ಅಂಶ, ಕಲೆ, ವಿಕಲೆಗಳೇ ಇಲ್ಲಿಯೂ ಅಳತೆಗೋಲು: ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 1,800 ವಿಕಲೆ. ಗುರುವಿನದು ದೂರವನ್ನು ಅನುಸರಿಸಿ 30ರಿಂದ 50 ವಿಕಲೆ. ಶನಿಯ ಬಿಂಬ 15ರಿಂದ 20, ಮಂಗಳನದು 3.5ರಿಂದ 25, ಶುಕ್ರನದು 10ರಿಂದ 60ಕ್ಕೂ ಸ್ವಲ್ಪ ಹೆಚ್ಚು. ಯುರೇನಸ್ ಹೆಚ್ಚೆಂದರೆ ಸುಮಾರು 4 ವಿಕಲೆ, ನೆಪ್ಚೂನ್ 2.5 ವಿಕಲೆಯನ್ನೂ ಮುಟ್ಟುವುದಿಲ್ಲ. 25 ಮಿ.ಮೀ. ಅಗಲದ ನಾಣ್ಯವನ್ನು 115 ಮೀಟರ್ ದೂರದಲ್ಲಿ ಹಿಡಿದರೆ ಅದು 45 ವಿಕಲೆಯ ಗುರುವಿನಷ್ಟು ಕಾಣುತ್ತದೆ. ಆ ನಾಣ್ಯದ ಮೇಲಿನ ಅಕ್ಷರಗಳನ್ನು ಓದುವಂಥ ಕೆಲಸ ಈ ಛಾಯಾಗ್ರಾಹಕನದು.

ದೂರದರ್ಶಕ ಎಷ್ಟು ಸಣ್ಣ ವಿವರವನ್ನು ಬಿಡಿಸಿ ತೋರಿಸಬಲ್ಲದು ಎನ್ನುವುದು ಅದರ ವ್ಯಾಸದಿಂದ ನಿರ್ಧಾರವಾಗುತ್ತದೆ. 19ನೆಯ ಶತಮಾನದ ಇಂಗ್ಲಿಷ್ ವೀಕ್ಷಕ ವಿಲಿಯಂ ರಟರ್ ಡಾಸ್ ಜೋಡಿ ನಕ್ಷತ್ರಗಳನ್ನು ನೋಡಿ ಕಂಡುಕೊಂಡ ನಿಯಮ ಸರಳವಾಗಿದೆ. 116ನ್ನು ಮಿ.ಮೀ.ಗಳಲ್ಲಿರುವ ವ್ಯಾಸದಿಂದ ಭಾಗಿಸಿದರೆ ಆ ಮಿತಿ ವಿಕಲೆಗಳಲ್ಲಿ ಸಿಗುತ್ತದೆ. 114 ಮಿ.ಮೀ. ದೂರದರ್ಶಕಕ್ಕೆ ಅದು ಸುಮಾರು 1 ವಿಕಲೆ, 150 ಮಿ.ಮೀ.ಗೆ 0.77, 200 ಮಿ.ಮೀ.ಗೆ 0.58. ಗುರುವಿನ ಬಿಂಬಕ್ಕೆ ಅಡ್ಡಲಾಗಿ ಇಂಥ ಐವತ್ತು ಅರವತ್ತು ತುಣುಕುಗಳು ಹಿಡಿಸುತ್ತವೆ ಎಂದರೆ, ಆರು ಇಂಚಿನ (150 ಮಿ.ಮೀ.) ಕನ್ನಡಿಗೂ ಅಲ್ಲಿ ಕಾಣಲು ಬೇಕಾದಷ್ಟು ಇದೆ.

ಗಾಳಿಯ ಅಡ್ಡಿ

ಈ ಮಿತಿಯನ್ನು ಮುಟ್ಟಲು ಬಿಡದಿರುವುದು ನಮ್ಮ ತಲೆಯ ಮೇಲಿನ ವಾಯುಮಂಡಲ. ಕಾದ ಗಾಳಿ ಮತ್ತು ತಣ್ಣನೆಯ ಗಾಳಿ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತವೆ. ಎರಡೂ ಕಲಸಿಕೊಂಡು ಹರಿಯುವಾಗ ಗ್ರಹದ ಬಿಂಬ ನಡುಗುತ್ತದೆ, ಹಿಗ್ಗುತ್ತದೆ, ಮಸುಕಾಗುತ್ತದೆ. ಕಾದ ಹಂಚಿನ ಮೇಲಿಂದ ಎದುರಿನ ಗೋಡೆಯನ್ನು ನೋಡಿದರೆ ಗೋಡೆ ಅಲೆಯಾಡುವುದೂ ಇದೇ ಕಾರಣಕ್ಕೆ. ಈ ಸ್ಥಿತಿಯನ್ನು ವೀಕ್ಷಕರು ‘ಸೀಯಿಂಗ್’ ಎನ್ನುತ್ತಾರೆ. ‘ಇವತ್ತು ಸೀಯಿಂಗ್ ಚೆನ್ನಾಗಿಲ್ಲ’ ಎಂದರೆ ಆಕಾಶ ನಿರ್ಮಲವಾಗಿದ್ದರೂ ಗಾಳಿ ನಿಂತಿಲ್ಲ ಎಂದರ್ಥ. ನಕ್ಷತ್ರಗಳು ಪಟಪಟನೆ ಮಿನುಗುವ ಸ್ವಚ್ಛ ರಾತ್ರಿ ಗ್ರಹಚಿತ್ರಕ್ಕೆ ಕೆಟ್ಟ ರಾತ್ರಿ. ತೆಳುವಾದ ಮಂಜು ಕವಿದು ಗಾಳಿ ಸದ್ದಿಲ್ಲದೆ ನಿಂತ ರಾತ್ರಿಯಲ್ಲಿ ಎಷ್ಟೋ ಸಲ ಒಳ್ಳೆಯ ಚಿತ್ರ ಸಿಗುತ್ತದೆ.

ಅಡ್ಡಿ ಮೂರು ಎತ್ತರಗಳಲ್ಲಿದೆ. ಮೇಲೆ ಸುಮಾರು 10 ಕಿ.ಮೀ. ಎತ್ತರದಲ್ಲಿ ಬಿರುಸಾಗಿ ಬೀಸುವ ಜೆಟ್ ಪ್ರವಾಹ. ಕೆಳಗೆ ಹಗಲೆಲ್ಲ ಬಿಸಿಲುಂಡು ರಾತ್ರಿ ಕಾವು ಬಿಡುವ ಕಾಂಕ್ರೀಟ್ ತಾರಸಿ, ರಸ್ತೆ, ಚಾವಣಿ. ಮೂರನೆಯದು ದೂರದರ್ಶಕದ ಕೊಳವೆಯ ಒಳಗೇ ಇದೆ: ಬೆಚ್ಚಗಿನ ಕೋಣೆಯಿಂದ ತಂದ ಕನ್ನಡಿ ತಣಿಯುವ ತನಕ ಅದರ ಮೇಲೆ ಬಿಸಿಗಾಳಿಯ ಪದರ ಏಳುತ್ತಲೇ ಇರುತ್ತದೆ. ಮೊದಲನೆಯದರ ಮೇಲೆ ಯಾರಿಗೂ ಹಿಡಿತವಿಲ್ಲ. ಉಳಿದೆರಡಕ್ಕೆ ಮದ್ದು ಇದೆ: ದೂರದರ್ಶಕವನ್ನು ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲೇ ಹೊರಗಿಡುವುದು, ಕಾಂಕ್ರೀಟಿಗಿಂತ ಹುಲ್ಲುನೆಲವನ್ನು ಆರಿಸುವುದು, ಗ್ರಹ ನೆತ್ತಿಯ ಹತ್ತಿರ ಬರುವ ತನಕ ಕಾಯುವುದು. ಗ್ರಹ ದಿಗಂತದಿಂದ 30 ಅಂಶ ಮಾತ್ರ ಮೇಲಿದ್ದರೆ ಅದರ ಬೆಳಕು ನೆತ್ತಿಯಲ್ಲಿದ್ದಾಗಿನ ಎರಡರಷ್ಟು ಗಾಳಿಯನ್ನು ದಾಟಿ ಬರಬೇಕು.

ಅಲುಗಾಟದ ನಡುವೆಯೂ ಒಮ್ಮೊಮ್ಮೆ, ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು, ದೂರದರ್ಶಕದ ಬಾಯಿಯ ಮುಂದಿನ ಗಾಳಿ ಸಮವಾಗಿರುತ್ತದೆ. ಅಂಥ ಕ್ಷಣ ಸಿಗುವ ಸಂಭವ ಎಷ್ಟು ಎಂಬ ಲೆಕ್ಕವನ್ನು ಅಮೆರಿಕದ ಭೌತವಿಜ್ಞಾನಿ ಡೇವಿಡ್ ಫ್ರೀಡ್ 1978ರಲ್ಲಿ ಪ್ರಕಟಿಸಿದರು. ಸಣ್ಣ ದೂರದರ್ಶಕ ಇಟ್ಟುಕೊಂಡವರಿಗೆ ಅದು ಸಿಹಿ ಸುದ್ದಿ. ಸಮವಾಗಿರುವ ಗಾಳಿಯ ತುಣುಕಿನ ಅಗಲ ಸರಾಸರಿ 5 ಸೆಂ.ಮೀ. ಇರುವ ಸಾಧಾರಣ ರಾತ್ರಿಯಲ್ಲಿ, 20 ಸೆಂ.ಮೀ. ದೂರದರ್ಶಕದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಚಿತ್ರಗಳು ಆ ದೂರದರ್ಶಕದ ಶಕ್ತಿಗೆ ತಕ್ಕಷ್ಟು ಚೊಕ್ಕಟವಾಗಿರುತ್ತವೆ. ಅದೇ ರಾತ್ರಿ 35 ಸೆಂ.ಮೀ. ದೂರದರ್ಶಕಕ್ಕೆ ಅಂಥದ್ದು ಸಿಗುವುದು ಸುಮಾರು 350ಕ್ಕೆ ಒಂದು. ದೊಡ್ಡ ಕನ್ನಡಿ ಗಾಳಿ ನಿಲ್ಲುವ ಅಪರೂಪದ ರಾತ್ರಿಗಾಗಿ ಕಾಯಬೇಕು. ಸಣ್ಣದು ತನ್ನ ಮಿತಿಯೊಳಗಿನ ಪೂರ್ತಿ ಶಕ್ತಿಯನ್ನು ಹೆಚ್ಚಿನ ರಾತ್ರಿಗಳಲ್ಲಿ ತೋರಿಸಬಲ್ಲದು.

ನಡೆದುಬಂದ ದಾರಿ

ಪ್ಯಾರಿಸ್ ವೀಕ್ಷಣಾಲಯದ ಪಾಲ್ ಮತ್ತು ಪ್ರಾಸ್ಪೆರ್ ಹೆನ್ರಿ ಸಹೋದರರು 1885–86ರಲ್ಲಿ ಗುರು ಮತ್ತು ಶನಿಯ ಚಿತ್ರಗಳನ್ನು ತೆಗೆದರು. 1905ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕಾರ್ಲ್ ಲ್ಯಾಂಪ್ಲೆಂಡ್ ಮಂಗಳನನ್ನು ಚಿತ್ರಿಸಿದರು. ಮಂಗಳದಲ್ಲಿ ಕಾಲುವೆಗಳಿವೆಯೇ ಎಂಬ ವಾದಕ್ಕೆ ಆ ಪುಟ್ಟ ಚಿತ್ರಗಳನ್ನು ಸಾಕ್ಷಿಯಾಗಿ ತಂದರೂ ವಾದ ತೀರಲಿಲ್ಲ. ಗಾಜಿನ ಫಲಕ, ಫಿಲ್ಮುಗಳ ಕಾಲದಲ್ಲಿ ಬೆಳಕು ಸಾಲದೆ ಸೆಕೆಂಡುಗಟ್ಟಲೆ ಕ್ಯಾಮೆರಾ ತೆರೆದಿಡಬೇಕಾಗುತ್ತಿತ್ತು. ಅಷ್ಟರಲ್ಲಿ ಒಳ್ಳೆಯ ಕ್ಷಣವೂ ಕೆಟ್ಟ ಕ್ಷಣವೂ ಒಂದರ ಮೇಲೊಂದು ಬಿದ್ದು ಚಿತ್ರ ಮಸುಕಾಗುತ್ತಿತ್ತು. ನೇತ್ರಕಕ್ಕೆ ಕಣ್ಣಿಟ್ಟವನಾದರೋ ನಿಶ್ಚಲ ಕ್ಷಣದಲ್ಲಿ ಕಂಡದ್ದನ್ನು ನೆನಪಿಟ್ಟು ಕಾಗದದ ಮೇಲೆ ಬಿಡಿಸುತ್ತಿದ್ದ. ಹೀಗಾಗಿ ಸುಮಾರು ನೂರು ವರ್ಷ ಗ್ರಹಗಳ ಮಟ್ಟಿಗೆ ಪೆನ್ಸಿಲ್ ಕ್ಯಾಮೆರಾಕ್ಕಿಂತ ಮುಂದಿತ್ತು.

1980–90ರ ದಶಕಗಳಲ್ಲಿ ಫಿಲ್ಮಿನ ಜಾಗಕ್ಕೆ ಸಿಸಿಡಿ ಎಂಬ ವಿದ್ಯುನ್ಮಾನ ಸೆನ್ಸರ್ ಬಂದಿತು. ನಿಜವಾದ ತಿರುವು ಬಂದದ್ದು 2000ದ ಸುಮಾರಿಗೆ, ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡಲೆಂದು ಮಾಡಿದ ಅಗ್ಗದ ವೆಬ್‌ಕ್ಯಾಮ್‌ಗಳಿಂದ. ಫಿಲಿಪ್ಸ್ ಟುಕ್ಯಾಮ್ ಪ್ರೊದಂಥ ಕ್ಯಾಮೆರಾದ ಮುಂದಿನ ಮಸೂರ ತೆಗೆದು ದೂರದರ್ಶಕಕ್ಕೆ ಸಿಕ್ಕಿಸಿದ ಹವ್ಯಾಸಿಗಳು ಕೆಲವೇ ನಿಮಿಷಗಳಲ್ಲಿ ನೂರಾರು, ಸಾವಿರಾರು ಚಿತ್ರಗಳನ್ನು ತುಂಬಿಕೊಂಡರು. 2002ರಲ್ಲಿ ನೆದರ್‌ಲ್ಯಾಂಡ್ಸಿನ ಕೊರ್ ಬೆರೆವೊಟ್ಸ್ ‘ರೆಜಿಸ್ಟಾಕ್ಸ್’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಸಾವಿರ ಚಿತ್ರಗಳಲ್ಲಿ ಚೊಕ್ಕಟವಾದವನ್ನು ಆರಿಸಿ ಪೇರಿಸುವ ಕೆಲಸ ಯಂತ್ರದ ಪಾಲಿಗೆ ಬಂತು. ನುರಿತ ವೀಕ್ಷಕನ ಕಣ್ಣು ಮಾಡುತ್ತಿದ್ದ ಆಯ್ಕೆಯನ್ನೇ ಕ್ಯಾಮೆರಾ ಮತ್ತು ತಂತ್ರಾಂಶ ಕಲಿತವು.

ಸಲಕರಣೆ

ಮೊದಲ ಹೆಜ್ಜೆಗೆ ಮೊಬೈಲ್ ಫೋನ್ ಸಾಕು. ನೇತ್ರಕದ ಮೇಲೆ ಅದನ್ನು ಅಲುಗದಂತೆ ಹಿಡಿಯುವ ಕ್ಲಾಂಪಿನ ನೆರವಿನಿಂದ ವಿಡಿಯೊ ತೆಗೆದರೆ ಶನಿಯ ಬಳೆ, ಗುರುವಿನ ಎರಡು ಮುಖ್ಯ ಪಟ್ಟೆಗಳು ದಾಖಲಾಗುತ್ತವೆ. ಮುಂದಿನ ಹಂತಕ್ಕೆ ಗ್ರಹಗಳಿಗೆಂದೇ ತಯಾರಾದ ಸಣ್ಣ ವಿಡಿಯೊ ಕ್ಯಾಮೆರಾ ಬೇಕು. ಹೆಚ್ಚಿನವುಗಳಲ್ಲಿ ಸೋನಿಯ ಐಎಂಎಕ್ಸ್ 224, 290, 462ರಂಥ ಸೆನ್ಸರ್‌ಗಳಿರುತ್ತವೆ. ಇವು ಬೆಂಕಿಪೆಟ್ಟಿಗೆಯ ಕಡ್ಡಿಯ ಮದ್ದಿಗಿಂತ ತುಸು ದೊಡ್ಡವು. ಗ್ರಹ ಅಷ್ಟು ಚಿಕ್ಕದಾದ್ದರಿಂದ ದೊಡ್ಡ ಸೆನ್ಸರಿನಿಂದ ಲಾಭವಿಲ್ಲ, ವೇಗವೂ ಸೂಕ್ಷ್ಮತೆಯೂ ಮುಖ್ಯ.

150 ಮಿ.ಮೀ. ವ್ಯಾಸ, 750 ಮಿ.ಮೀ. ನಾಭಿದೂರದ ನ್ಯೂಟನ್ ಮಾದರಿಯ ದೂರದರ್ಶಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ 45 ವಿಕಲೆಯ ಗುರುವಿನ ಬಿಂಬ ಸೆನ್ಸರಿನ ಮೇಲೆ 0.16 ಮಿ.ಮೀ. ಅಗಲಕ್ಕೆ ಮೂಡುತ್ತದೆ. ಪಿಕ್ಸೆಲ್ 2.9 ಮೈಕ್ರಾನ್ ಇದ್ದರೆ ಗ್ರಹ 56 ಪಿಕ್ಸೆಲ್ ಅಗಲ. ಕನ್ನಡಿ ಕೊಡುವ ವಿವರಗಳಿಗೆ ಇಷ್ಟು ಜಾಗ ಸಾಲದು. ನಡುವೆ ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ ನಾಭಿದೂರ 2,250 ಮಿ.ಮೀ. ಆಗಿ, ಗುರು ಸುಮಾರು 170 ಪಿಕ್ಸೆಲ್‌ಗೆ ಹರಡಿಕೊಳ್ಳುತ್ತದೆ. ಅನುಭವಿಗಳ ಸುಲಭಸೂತ್ರ ಹೀಗಿದೆ: ನಾಭಿದೂರವನ್ನು ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ, ಮೈಕ್ರಾನ್‌ಗಳಲ್ಲಿರುವ ಪಿಕ್ಸೆಲ್ ಗಾತ್ರದ ಐದರಷ್ಟಿರಬೇಕು. ಇಲ್ಲಿ 15 ಮತ್ತು 14.5, ಜೋಡಿ ಸರಿಯಾಗಿದೆ. ಇನ್ನೂ ಹಿಗ್ಗಿಸಿದರೆ ಬಿಂಬ ದೊಡ್ಡದಾಗಿ ಮಂಕಾಗುತ್ತದೆಯೇ ಹೊರತು ಹೊಸ ವಿವರ ಬರುವುದಿಲ್ಲ.

ಆಕಾಶ ತಿರುಗಿದಂತೆ ತಾನೂ ತಿರುಗುವ ಮೋಟಾರಿನ ನಿಲುವು ಇದ್ದರೆ ಕೆಲಸ ಹಗುರ. ಅದಿಲ್ಲದ ಡಾಬ್ಸನ್ ನಿಲುವಿನಲ್ಲೂ ಸಾಧ್ಯ. ಮೇಲೆ ಹೇಳಿದ ಜೋಡಣೆಯಲ್ಲಿ ಗ್ರಹ ಸೆನ್ಸರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರಲು ಸುಮಾರು 34 ಸೆಕೆಂಡು ಹಿಡಿಯುತ್ತದೆ. ಮತ್ತೆ ಮತ್ತೆ ಹಿಂದಕ್ಕೆ ತಳ್ಳಿ ಜಾರಲು ಬಿಟ್ಟು ತೆಗೆದ ತುಣುಕುಗಳನ್ನು ‘ಪಿಪ್’ ಎಂಬ ಉಚಿತ ತಂತ್ರಾಂಶ ನಡುವಿಗೆ ತಂದು ಜೋಡಿಸಿಕೊಡುತ್ತದೆ.

ಸೆರೆಹಿಡಿಯುವ ಕ್ರಮ

ನ್ಯೂಟನ್ ದೂರದರ್ಶಕದಲ್ಲಿ ಎರಡು ಕನ್ನಡಿಗಳೂ ಒಂದೇ ಅಕ್ಷಕ್ಕೆ ಹೊಂದಿರಬೇಕು. ಈ ಹೊಂದಾಣಿಕೆಗೆ ಕಾಲಿಮೇಷನ್ ಎನ್ನುತ್ತಾರೆ. ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ನಡುವಿಗೆ ತಂದು ಫೋಕಸನ್ನು ಸ್ವಲ್ಪ ಕೆಡಿಸಿದರೆ ಅದು ಒಂದರೊಳಗೊಂದು ಉಂಗುರಗಳಾಗಿ ಬಿಚ್ಚಿಕೊಳ್ಳುತ್ತದೆ. ಉಂಗುರಗಳು ಏಕಕೇಂದ್ರವಾಗಿದ್ದರೆ ಕನ್ನಡಿ ನೆಟ್ಟಗಿದೆ. ಒಂದು ಬದಿಗೆ ಒತ್ತಿಕೊಂಡಿದ್ದರೆ ಹಿಂಬದಿಯ ತಿರುಪುಗಳನ್ನು ಎಳೆ ಎಳೆಯಾಗಿ ತಿರುಗಿಸಿ ಸರಿಪಡಿಸಬೇಕು. ಎಷ್ಟು ಬೆಲೆಯ ಕ್ಯಾಮೆರಾವೂ ಈ ಐದು ನಿಮಿಷದ ಕೆಲಸಕ್ಕೆ ಬದಲಿಯಾಗದು.

ಬಳಿಕ ಗುರುವನ್ನು ತೆರೆಯ ಮೇಲೆ ತಂದಾಗ ಮೊದಲು ಕಾಣುವುದು ಹರಿಯುವ ನೀರಿನ ಅಡಿಯ ಬೆಣಚುಕಲ್ಲಿನಂತೆ ತೊನೆಯುವ ಒಂದು ಬಿಳಿ ಬಿಲ್ಲೆ. ಫೋಕಸನ್ನು ಆಚೆಗೂ ಈಚೆಗೂ ದಾಟಿಸಿ ನೋಡುತ್ತ, ಅಯೊ ಅಥವಾ ಯುರೋಪಾ ಉಪಗ್ರಹ ಅತಿ ಚಿಕ್ಕ ಚುಕ್ಕೆಯಾಗುವ ಕಡೆ ನಿಲ್ಲಿಸಬೇಕು. ಕಣ್ಣು ಒಗ್ಗಿದ ಮೇಲೆ ಆ ತೊನೆತದೊಳಗೇ ಸಮಭಾಜಕದ ಎರಡು ಕಂದು ಪಟ್ಟೆಗಳು, ಅವುಗಳ ಅಂಚಿನ ಸುಕ್ಕುಗಳು ಒಂದು ಕ್ಷಣ ಮೂಡಿ ಮರೆಯಾಗುತ್ತವೆ. ಅದೃಷ್ಟವಿದ್ದರೆ ಮಹಾ ಕೆಂಪುಕಲೆ ಅಂಚಿನಿಂದ ಒಳಗೆ ಬರುತ್ತಿರುತ್ತದೆ. ಆಗ ಗ್ರಹದ ಸುತ್ತಲಿನ 640×480 ಪಿಕ್ಸೆಲ್ ಆಯತವನ್ನಷ್ಟೇ ಆರಿಸಿ, ಒಂದೊಂದು ಫ್ರೇಮಿಗೆ ಸೆಕೆಂಡಿನ ನೂರನೆಯ ಒಂದು ಭಾಗದಂತೆ ಎರಡು ನಿಮಿಷ ವಿಡಿಯೊ ತೆಗೆದರೆ 12,000 ಚಿತ್ರಗಳು, ಸುಮಾರು 3.7 ಗಿಗಾಬೈಟ್ ತುಂಬುತ್ತವೆ. ಫೈರ್‌ಕ್ಯಾಪ್ಚರ್, ಶಾರ್ಪ್‌ಕ್ಯಾಪ್ ತಂತ್ರಾಂಶಗಳು ಈ ಕೆಲಸಕ್ಕೆ ಬಳಕೆಯಲ್ಲಿವೆ. ವಿಡಿಯೊವನ್ನು ಸಂಕುಚಿಸದೆ ಉಳಿಸುವುದು ಕಡ್ಡಾಯ. ಸಂಕುಚಿಸಿದರೆ ಮೊದಲು ಕಳೆದುಹೋಗುವುದೇ ಸೂಕ್ಷ್ಮ ವಿವರ.

ಎರಡು ನಿಮಿಷ ಎಂಬ ಮಿತಿಯನ್ನು ಹಾಕಿದ್ದು ಗುರುವೇ. ಅದು ತನ್ನ ಸುತ್ತ ಒಮ್ಮೆ ತಿರುಗಲು 10 ಗಂಟೆಯೂ ಹಿಡಿಯುವುದಿಲ್ಲ. ಬಿಂಬದ ನಡುವಿನ ಒಂದು ಕಲೆ ನಿಮಿಷಕ್ಕೆ ಸುಮಾರು 0.24 ವಿಕಲೆ ಸರಿಯುತ್ತದೆ. ಮೂರು ನಿಮಿಷದಲ್ಲಿ ಆ ಸರಿತ ಆರು ಇಂಚಿನ ಕನ್ನಡಿಯ ಮಿತಿಯನ್ನು ಮುಟ್ಟಿ, ಚಿತ್ರ ಸವರಿದಂತಾಗುತ್ತದೆ. ಶನಿಗೆ ಇನ್ನಷ್ಟು ಹೊತ್ತು ಕೊಡಬಹುದು. 24 ಗಂಟೆ 37 ನಿಮಿಷಕ್ಕೆ ಒಂದು ಸುತ್ತು ಹಾಕುವ ಮಂಗಳನಿಗೆ ಇನ್ನೂ ಹೆಚ್ಚು. ಗ್ರಿಶಾ ಹಾನ್ ರೂಪಿಸಿದ ‘ವಿನ್‌ಜುಪೋಸ್’ ತಂತ್ರಾಂಶ ಈ ತಿರುಗಾಟವನ್ನು ಲೆಕ್ಕಹಾಕಿ, ಬೇರೆ ಬೇರೆ ನಿಮಿಷಗಳ ಚಿತ್ರಗಳನ್ನು ಒಂದೇ ಹೊತ್ತಿಗೆ ಹೊಂದಿಸಿ ಸೇರಿಸುತ್ತದೆ.

ಸಂಸ್ಕರಣೆ

ಎಮಿಲ್ ಕ್ರಾಯ್ಕಾಂಪ್ ರಚಿಸಿದ ‘ಆಟೊಸ್ಟ್ಯಾಕರ್ಟ್’ ಇಂದು ಹೆಚ್ಚು ಬಳಕೆಯಲ್ಲಿದೆ. ಅದು 12,000 ಫ್ರೇಮುಗಳನ್ನು ಗುಣಕ್ಕನುಗುಣವಾಗಿ ಸಾಲಾಗಿಸಿ, ಬಿಂಬವನ್ನು ಸಣ್ಣ ಸಣ್ಣ ಭಾಗಗಳಾಗಿ ಹೊಂದಿಸಿ, ಮೇಲಿನ ಹತ್ತು ಇಪ್ಪತ್ತು ಶೇಕಡಾವನ್ನು ಒಂದರ ಮೇಲೊಂದು ಪೇರಿಸುತ್ತದೆ. ಕೇರುವ ಮೊರದಲ್ಲಿ ಜೊಳ್ಳು ಹಾರಿ ಕಾಳು ಉಳಿದಂತೆ ಒಳ್ಳೆಯ ಫ್ರೇಮುಗಳು ಉಳಿಯುತ್ತವೆ. 1,600 ಫ್ರೇಮು ಸೇರಿದರೆ ಬಿಡಿ ಚಿತ್ರದಲ್ಲಿದ್ದ ಕಾಳುಕಾಳಾದ ಗದ್ದಲ ನಲವತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪೇರಿಸಿದ ಚಿತ್ರ ನೋಡಲು ನಯವಾಗಿ, ಮಸುಕಾಗಿರುತ್ತದೆ. ವಿವರಗಳು ಅದರೊಳಗೆ ಇದ್ದೇ ಇರುತ್ತವೆ. ವೇವ್‌ಲೆಟ್ ಎಂಬ ಗಣಿತಕ್ರಮದಿಂದ ಅವನ್ನು ಹರಿತಗೊಳಿಸಿದಾಗ ಪಟ್ಟೆಗಳೂ ಸುಳಿಗಳೂ ಎದ್ದು ಬರುತ್ತವೆ.

ಇಲ್ಲಿ ಸಂಯಮ ಬೇಕು. ಹರಿತವನ್ನು ಅತಿಯಾಗಿ ಏರಿಸಿದರೆ ಮಂಗಳನ ಬೆಳಗಿದ ಅಂಚಿನ ಒಳಗೆ ಇಲ್ಲದ ಕಪ್ಪುಗೆರೆಯೊಂದು ಮೂಡುತ್ತದೆ, ಶನಿಯ ಬಳೆಗಳಲ್ಲಿ ಇಲ್ಲದ ಬಿರುಕುಗಳು ಕಾಣುತ್ತವೆ. ಅದೇ ರಾತ್ರಿಯ ಎರಡು ಮೂರು ವಿಡಿಯೊಗಳನ್ನು ಬೇರೆ ಬೇರೆಯಾಗಿ ಸಂಸ್ಕರಿಸಿ, ಎಲ್ಲದರಲ್ಲೂ ಕಂಡ ವಿವರವನ್ನು ಮಾತ್ರ ನಂಬುವುದು ಒಳ್ಳೆಯ ಪದ್ಧತಿ.

ಒಂದೊಂದು ಗ್ರಹ

ಗುರು: ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಗ್ರಹವಿಲ್ಲ. ಸುಮಾರು 399 ದಿನಗಳಿಗೊಮ್ಮೆ ಸೂರ್ಯನಿಗೆ ಎದುರಾಗಿ, ಅಂದರೆ ವಿಯುತಿಯಲ್ಲಿ, ಭೂಮಿಗೆ ಹತ್ತಿರವಾಗಿ ರಾತ್ರಿಯಿಡೀ ಕಾಣುತ್ತದೆ. ಉಪಗ್ರಹವೊಂದು ಬಿಂಬದ ಮುಂದೆ ಹಾಯುವಾಗ ಅದರ ನೆರಳು ಮೋಡಗಳ ಮೇಲೆ ಮಸಿಯ ಚುಕ್ಕೆಯಂತೆ ಬೀಳುತ್ತದೆ. ಅರ್ಧ ಗಂಟೆಗೊಂದರಂತೆ ತೆಗೆದ ಚಿತ್ರಗಳಲ್ಲಿ ಆ ಚುಕ್ಕೆ ನಡೆಯುವುದನ್ನು ನೋಡಬಹುದು.

ಶನಿ: ವಿಯುತಿ 378 ದಿನಗಳಿಗೊಮ್ಮೆ. ಬಳೆಗಳನ್ನು ಬೇರ್ಪಡಿಸುವ ಸುಮಾರು 4,800 ಕಿ.ಮೀ. ಅಗಲದ ಕ್ಯಾಸಿನಿ ಕಂಡಿ ಸಣ್ಣ ದೂರದರ್ಶಕಕ್ಕೆ ಒರೆಗಲ್ಲು. 2017ರಲ್ಲಿ ಬಳೆಗಳು 27 ಅಂಶದಷ್ಟು ವಾಲಿ ಅಗಲವಾಗಿ ಕಂಡವು. 2025ರ ಮಾರ್ಚ್‌ನಲ್ಲಿ ಅವುಗಳ ಅಂಚು ಭೂಮಿಯತ್ತ ತಿರುಗಿತು.

ಮಂಗಳ: ಸುಮಾರು 26 ತಿಂಗಳಿಗೊಮ್ಮೆ ಹತ್ತಿರ ಬರುತ್ತದೆ, ಪ್ರತಿ ಸಲವೂ ಅಷ್ಟೇ ಹತ್ತಿರವಲ್ಲ. 2003ರ ಆಗಸ್ಟ್‌ನಲ್ಲಿ ಬಿಂಬ 25 ವಿಕಲೆ ಮುಟ್ಟಿತ್ತು, 2025ರ ಜನವರಿಯಲ್ಲಿ 14.6 ಮಾತ್ರ. 2018ರಲ್ಲಿ ಗ್ರಹ ಹತ್ತಿರ ಬಂದ ಹೊತ್ತಿಗೇ ಅದನ್ನೆಲ್ಲ ಧೂಳು ಮುಸುಕಿ, ಕಪ್ಪುಪ್ರದೇಶಗಳು ಮಾಸಿಹೋಗಿದ್ದವು.

ಶುಕ್ರ, ಬುಧ: ಇವುಗಳಲ್ಲಿ ಚಂದ್ರನಂತೆ ಕಲೆಗಳ ವೃದ್ಧಿಕ್ಷಯ ಕಾಣುತ್ತದೆ. ಇವು ಸೂರ್ಯನ ಬಳಿಯೇ ಇರುವುದರಿಂದ ಸೂರ್ಯ ಪೂರ್ತಿ ಮುಳುಗಿದ ಮೇಲೆ, ಅಥವಾ ಹುಟ್ಟುವ ಮುಂಚೆಯೇ ನೋಡಿ ಮುಗಿಸಬೇಕು. ಸೂರ್ಯ ಆಕಸ್ಮಿಕವಾಗಿ ದೂರದರ್ಶಕಕ್ಕೆ ಸಿಕ್ಕರೆ ಕಣ್ಣು ಶಾಶ್ವತವಾಗಿ ಹೋಗಬಹುದು.

ಯುರೇನಸ್, ನೆಪ್ಚೂನ್: ಸಣ್ಣ ದೂರದರ್ಶಕದಲ್ಲಿ ಇವು ಹಸಿರು ನೀಲಿಯ ಪುಟ್ಟ ಬಿಲ್ಲೆಗಳು.

ಕರ್ನಾಟಕದ ಆಕಾಶ

ಗ್ರಹಗಳು ರಾಶಿಚಕ್ರದ ದಾರಿಯಲ್ಲೇ ಸಂಚರಿಸುತ್ತವೆ. ಆ ದಾರಿ ನಮ್ಮ ನೆತ್ತಿಯ ಆಸುಪಾಸಿನಲ್ಲೇ ಹಾದುಹೋಗುತ್ತದೆ. 13 ಅಂಶ ಉತ್ತರ ಅಕ್ಷಾಂಶದ ಬೆಂಗಳೂರಿನಲ್ಲಿ ಗ್ರಹ ತೀರ ದಕ್ಷಿಣದ ರಾಶಿಯಲ್ಲಿದ್ದಾಗಲೂ 50 ಅಂಶಕ್ಕಿಂತ ಮೇಲೇರುತ್ತದೆ. ಅದೇ ಗ್ರಹ ಲಂಡನ್ನಿನಲ್ಲಿ 15 ಅಂಶದ ಸುಮಾರಿಗೆ, ಕಟ್ಟಡಗಳ ಮೇಲೆ ತೇಲಿ ಮುಳುಗುತ್ತದೆ. ಹೆಸರಾಂತ ಬ್ರಿಟಿಷ್ ಗ್ರಹಚಿತ್ರಕಾರ ಡೇಮಿಯನ್ ಪೀಚ್ ಗ್ರಹಗಳನ್ನು ಹಿಡಿಯಲು ಸಮುದ್ರ ದಾಟಿ ಬಾರ್ಬಡೋಸ್ ದ್ವೀಪಕ್ಕೆ ಹೋಗಿ ಕೆಲಸ ಮಾಡಿದ್ದಾರೆ. ಆ ದ್ವೀಪವೂ 13 ಅಂಶದಲ್ಲೇ ಇದೆ. ಅವರು ಅರಸಿ ಹೋದ ಎತ್ತರ ಇಲ್ಲಿನವರಿಗೆ ಮನೆಯ ತಾರಸಿಯಲ್ಲೇ ಸಿಗುತ್ತದೆ. ನಗರದ ಬೆಳಕು ನೀಹಾರಿಕೆಗಳನ್ನೂ ಗೆಲಾಕ್ಸಿಗಳನ್ನೂ ಅಳಿಸಿಹಾಕಿದರೂ ಪ್ರಕಾಶಮಾನವಾದ ಗ್ರಹಗಳಿಗೆ ಅದರಿಂದ ತೊಂದರೆಯಿಲ್ಲ. ಬೀದಿದೀಪಗಳ ನಡುವೆ ಇರುವ ಮನೆಯಿಂದಲೂ ಗುರುವನ್ನು ಚಿತ್ರಿಸಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಗಾಲವೇ ಇಲ್ಲಿಯ ದೊಡ್ಡ ತಡೆ. ಆ ತಿಂಗಳುಗಳಲ್ಲಿ ವಿಯುತಿ ಬಂದರೆ ಮೋಡದ ಬಿರುಕಿಗಾಗಿ ಕಾಯಬೇಕಾಗುತ್ತದೆ.

ವಿಜ್ಞಾನಕ್ಕೆ ಉಪಯೋಗ

ದೊಡ್ಡ ವೀಕ್ಷಣಾಲಯಗಳ ಸಮಯ ನೂರಾರು ಕೆಲಸಗಳಿಗೆ ಹಂಚಿಹೋಗಿರುತ್ತದೆ. ಪ್ರತಿ ರಾತ್ರಿ ಗುರುವನ್ನು ಕಾಯುವಷ್ಟು ಬಿಡುವು ಅವಕ್ಕಿಲ್ಲ. ಆ ಕಾವಲು ಹವ್ಯಾಸಿಗಳದು. 2006ರ ಫೆಬ್ರವರಿಯಲ್ಲಿ ಫಿಲಿಪೀನ್ಸಿನ ಸೆಬು ನಗರದ ಕ್ರಿಸ್ಟೊಫರ್ ಗೋ, ಗುರುವಿನ ಬಿಳಿ ಅಂಡಾಕಾರದ ಚಂಡಮಾರುತವೊಂದು ಕೆಂಪಾಗಿರುವುದನ್ನು ತಮ್ಮ 28 ಸೆಂ.ಮೀ. ದೂರದರ್ಶಕದ ಚಿತ್ರದಲ್ಲಿ ಕಂಡುಹಿಡಿದರು. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಆಂಥನಿ ವೆಸ್ಲಿ ಗುರುವಿನ ದಕ್ಷಿಣ ಧ್ರುವದ ಬಳಿ ಹೊಸ ಕಪ್ಪುಕಲೆ ಕಂಡು ಸುದ್ದಿ ಮುಟ್ಟಿಸಿದಾಗ, ಜಗತ್ತಿನ ದೊಡ್ಡ ದೂರದರ್ಶಕಗಳು ಅತ್ತ ತಿರುಗಿದವು. ಯಾವುದೋ ಕಾಯ ಬಂದು ಗುರುವಿಗೆ ಅಪ್ಪಳಿಸಿದ ಗುರುತು ಅದು. 2010ರ ಜೂನ್ 3ರಂದು ಇನ್ನೊಂದು ಕಾಯ ಗುರುವಿಗೆ ಬಡಿದು ಹೊತ್ತಿದ ಮಿಂಚನ್ನು ಇವರಿಬ್ಬರ ವಿಡಿಯೊಗಳೂ ಬೇರೆ ಬೇರೆ ದೇಶಗಳಿಂದ ಹಿಡಿದಿದ್ದವು. 2016ರಲ್ಲಿ ಗುರುವನ್ನು ತಲುಪಿದ ನಾಸಾದ ಜುನೋ ನೌಕೆ ಮೋಡಗಳನ್ನು ಹತ್ತಿರದಿಂದ ನೋಡುವಾಗ, ಇಡೀ ಗ್ರಹದ ಆ ದಿನದ ಚಿತ್ರಕ್ಕೆ ವಿಜ್ಞಾನಿಗಳು ಹವ್ಯಾಸಿಗಳ ನೆರವು ಪಡೆದಿದ್ದಾರೆ. ಸ್ಪೇನಿನ ಬಾಸ್ಕ್ ಪ್ರಾಂತದ ವಿಶ್ವವಿದ್ಯಾಲಯ ನಡೆಸುವ ಭಂಡಾರದಲ್ಲಿ ಇಂಥ ಚಿತ್ರಗಳು ಎಲ್ಲರ ಬಳಕೆಗೂ ಸಿಗುತ್ತವೆ.

ಚಿತ್ರ ದಾಖಲೆಯಾಗಬೇಕಾದರೆ ಅದರ ಕೆಳಗೆ ದಿನಾಂಕ, ಉಪಕರಣ, ಸ್ಥಳದ ಜೊತೆಗೆ ವಿಡಿಯೊದ ನಡುಗಾಲದ ವೇಳೆ ಇರಬೇಕು, ಅದೂ ಸಾರ್ವತ್ರಿಕ ಕಾಲಮಾನದಲ್ಲಿ. ಭಾರತದ ಗಡಿಯಾರದಿಂದ ಐದೂವರೆ ಗಂಟೆ ಕಳೆಯಬೇಕು: ಇಲ್ಲಿನ ರಾತ್ರಿ 10.15 ಎಂದರೆ 16.45. ಕಳೆಯಲು ಮರೆತರೆ ಅಷ್ಟರಲ್ಲಿ ಗುರು ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿರುತ್ತದೆ. ಕಷ್ಟಪಟ್ಟು ಹಿಡಿದ ಕಲೆ ಲೆಕ್ಕದಲ್ಲಿ ಗ್ರಹದ ಆಚೆಬದಿಗೆ ಹೋಗಿ ಕೂರುತ್ತದೆ. ವೇಳೆಯನ್ನು ಸರಿಯಾಗಿ ಬರೆದಿಟ್ಟರೆ ಆರು ಇಂಚಿನ ಕನ್ನಡಿಯ ಚಿತ್ರವನ್ನೂ ಇನ್ನೊಂದು ಖಂಡದವರು ಅದೇ ರಾತ್ರಿ ತೆಗೆದ ಚಿತ್ರದ ಪಕ್ಕದಲ್ಲಿಟ್ಟು ಗುರುವಿನ ಗಾಳಿ ಎಷ್ಟು ವೇಗವಾಗಿ ಬೀಸುತ್ತಿದೆ ಎಂದು ಅಳೆಯಬಹುದು.